ಬೇರೆ ಧರ್ಮದವರೊಂದಿಗೆ ಕಥೋಲಿಕರ ಮದುವೆ: ಕಲಬುರಗಿ, ಬೀದರ್, ಯಾದಗಿರಿ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ ಕಥೋಲಿಕರು ಕಡಿಮೆ. ಎಷ್ಟೋ ಊರುಗಳಲ್ಲಿ ಬೆರಳೆಣಿಕೆಯ ಮನೆಗಳು. ಕಲಬುರಗಿ ಧರ್ಮಪ್ರಾಂತ್ಯ (ಒಬ್ಬ ಬಿಷಪ್ ನೋಡಿಕೊಳ್ಳುವ ಪ್ರದೇಶ) ಆದದ್ದೇ 2005ರಲ್ಲಿ. ಮಕ್ಕಳ ಕಾಲೇಜು, ನೌಕರಿ, ಬಾಡಿಗೆ ಮನೆ ಎಲ್ಲವೂ ಬೇರೆಯವರ ನಡುವೆಯೇ. ಪ್ರೀತಿ ಹುಟ್ಟುವುದೂ ಅಲ್ಲೇ. ಆಗ ಮನೆಯಲ್ಲಿ ಅಳು, ಜಗಳ, ಸುಮ್ನೆ ಹೆದರಿಕೆ. ಫಾದರ್ ಹತ್ತಿರ ಹೋಗುವುದು ಮಾತ್ರ ಕೊನೆಗೆ. ಅವರ ಹತ್ತಿರ ಮೊದಲೇ ಹೋಗಿದ್ದರೆ ಅರ್ಧ ತೊಂದರೆ ಬರುತ್ತಲೇ ಇರಲಿಲ್ಲ. ಈ ಪುಟ ಬರೆಯಲು ಅದೇ ಕಾರಣ.

ಕಥೋಲಿಕರು ಹಿಂದೂಗಳನ್ನೋ ಮುಸ್ಲಿಮರನ್ನೋ ಮದುವೆಯಾಗಬಹುದಾ? ಧರ್ಮಸಭೆ (ಕಥೋಲಿಕ ಚರ್ಚ್) ಬಿಡುತ್ತದಾ?

ಆಗಬಹುದು. ಆದರೆ ಮೊದಲು ಧರ್ಮಾಧ್ಯಕ್ಷರಿಂದ (ಬಿಷಪ್) ವಿನಾಯಿತಿ ಪತ್ರ ಬೇಕು. ಧರ್ಮಸಭೆಯ ಕಾನೂನು ಸಂಹಿತೆಯ 1086ನೇ ನಿಯಮ ಹೀಗೆ ಹೇಳುತ್ತದೆ: ದೀಕ್ಷಾಸ್ನಾನ (ಬ್ಯಾಪ್ಟಿಸಂ) ಪಡೆದ ಕಥೋಲಿಕರಿಗೂ ದೀಕ್ಷಾಸ್ನಾನ ಪಡೆಯದವರಿಗೂ ವಿನಾಯಿತಿ ಇಲ್ಲದೆ ನಡೆದ ಮದುವೆ ಮದುವೆಯೇ ಅಲ್ಲ. ಚರ್ಚ್ ಒಳಗೆ, ಫಾದರ್ ಮುಂದೆ, ನೂರು ಜನರ ಎದುರಿಗೆ ನಡೆದರೂ ಅಷ್ಟೇ. ಹಾಗಾಗಿ ಈ ಪತ್ರವನ್ನು ಬರೀ ಔಪಚಾರಿಕತೆ ಅಂದುಕೊಳ್ಳಬೇಡಿ.

ಧರ್ಮಕೇಂದ್ರದ (ಊರಿನ ಚರ್ಚಿನ) ಫಾದರ್ ಇದನ್ನು ತಾವೇ ಕೊಡಲಾರರು. ಅರ್ಜಿ ಬರೆದು ಧರ್ಮಾಧ್ಯಕ್ಷರ ಕಚೇರಿಗೆ ಕಳಿಸುತ್ತಾರೆ. ಧರ್ಮಾಧ್ಯಕ್ಷರೋ, ಅವರು ಅಧಿಕಾರ ಕೊಟ್ಟವರೋ ಸಹಿ ಮಾಡುತ್ತಾರೆ. ಸರಿಯಾದ ಕಾರಣ ಇರಬೇಕು, ಷರತ್ತುಗಳು ಪೂರೈಸಿರಬೇಕು. ಕೇಳಿದ ತಕ್ಷಣ ಸಿಗುವ ಹಕ್ಕು ಇದಲ್ಲ. ಆದರೆ ಪ್ರಾಮಾಣಿಕವಾಗಿ ಕೇಳಿದವರನ್ನು ಸುಮ್ನೆ ವಾಪಸ್ ಕಳಿಸುವುದಕ್ಕಾಗಿ ಈ ನಿಯಮ ಮಾಡಿದ್ದೂ ಅಲ್ಲ.

ಹುಡುಗಿ ಮೆಥಡಿಸ್ಟ್. ಅವಳೂ ಕ್ರೈಸ್ತಳೇ ಅಲ್ವಾ, ಮತ್ತೇಕೆ ಪತ್ರ?

ಬೀದರ್ ಕಡೆಯವರ ಮೊದಲ ಪ್ರಶ್ನೆ ಇದೇ. ಅಲ್ಲಿ ಮೆಥಡಿಸ್ಟರು (ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡ) ಹಳಬರು, ಜಾಸ್ತಿ ಕೂಡ. ಕಥೋಲಿಕರ ಮನೆಗೂ ಅವರ ಮನೆಗೂ ಕೊಡುಕೊಳ್ಳುವಿಕೆ ಹೊಸದೇನಲ್ಲ.

ಮೆಥಡಿಸ್ಟರ ದೀಕ್ಷಾಸ್ನಾನವನ್ನು ಕಥೋಲಿಕ ಧರ್ಮಸಭೆ ಒಪ್ಪುತ್ತದೆ. ನೀರು ಹಾಕಿ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಕೊಟ್ಟರೆ ಸಾಕು. ಸಿಎಸ್‌ಐಯವರದ್ದೂ (ಚರ್ಚ್ ಆಫ್ ಸೌತ್ ಇಂಡಿಯಾ) ಹಾಗೆಯೇ. ಇಬ್ಬರೂ ದೀಕ್ಷಾಸ್ನಾನ ಪಡೆದವರಾದ್ದರಿಂದ ವಿನಾಯಿತಿ ಬೇಡ, ಧರ್ಮಾಧ್ಯಕ್ಷರ ಅನುಮತಿ ಸಾಕು. 1124ನೇ ನಿಯಮದ್ದು ಇದು. ವ್ಯತ್ಯಾಸ ಚಿಕ್ಕದಲ್ಲ. ಅನುಮತಿ ಇಲ್ಲದೆ ಕಥೋಲಿಕ ಫಾದರ್ ಮುಂದೆ ಮದುವೆಯಾದರೆ ನಿಯಮ ಮೀರಿದ ಹಾಗಾಯಿತು, ಆದರೆ ಮದುವೆ ಉಳಿಯುತ್ತದೆ. ಹಿಂದೂ ಅಥವಾ ಮುಸ್ಲಿಂ ಸಂಗಾತಿಯ ವಿಷಯದಲ್ಲಿ ಪತ್ರ ಇಲ್ಲದಿದ್ದರೆ ಮದುವೆಯೇ ನಿಲ್ಲುವುದಿಲ್ಲ. ಇಬ್ಬರೂ ದೀಕ್ಷಾಸ್ನಾನ ಪಡೆದಿದ್ದರೆ ಆ ಮದುವೆ ಸಂಸ್ಕಾರವೂ (ಸ್ಯಾಕ್ರಮೆಂಟ್) ಹೌದು.

ತೊಡಕು ಬರುವುದು ಇನ್ನೊಂದು ಕಡೆ. ಹುಡುಗಿ ಮನೆಯವರು ತಮ್ಮ ಮೆಥಡಿಸ್ಟ್ ಚರ್ಚಿನಲ್ಲೇ ಮದುವೆ ಆಗಲಿ ಅನ್ನುತ್ತಾರೆ. ಕಥೋಲಿಕರ ಮದುವೆ ಅಧಿಕಾರವುಳ್ಳ ಕಥೋಲಿಕ ಗುರು ಮತ್ತು ಇಬ್ಬರು ಸಾಕ್ಷಿಗಳ ಮುಂದೆ ನಡೆಯಬೇಕು. ಬೇರೆ ಕಡೆ ಮಾಡಬೇಕೆಂದರೆ ಆ ಕ್ರಮದಿಂದಲೂ ಪ್ರತ್ಯೇಕ ವಿನಾಯಿತಿ ತರಬೇಕು. ತಕ್ಕ ಕಾರಣ ಇದ್ದರೆ ಕೊಡುತ್ತಾರೆ. ತರದೆ ಮಾಡಿದರೆ ಮದುವೆ ಧರ್ಮಸಭೆಯ ಲೆಕ್ಕಕ್ಕೆ ಬರುವುದಿಲ್ಲ.

ಪೆಂತೆಕೊಸ್ತ್ ಸಭೆಗಳವರ ವಿಷಯದಲ್ಲಿ ಫಾದರ್ ಒಂದೆರಡು ಪ್ರಶ್ನೆ ಜಾಸ್ತಿ ಕೇಳುತ್ತಾರೆ. ಕೆಲವು ಸಭೆಗಳು ಯೇಸುವಿನ ಹೆಸರಿನಲ್ಲಿ ಮಾತ್ರ ದೀಕ್ಷಾಸ್ನಾನ ಕೊಡುತ್ತವೆ. ಅದನ್ನು ಧರ್ಮಸಭೆ ಒಪ್ಪುವುದಿಲ್ಲ. ಇನ್ನು ಕೆಲವರು ವರ್ಷಗಟ್ಟಲೆ ಪ್ರಾರ್ಥನೆಗೆ ಹೋಗುತ್ತಾರೆ, ದೀಕ್ಷಾಸ್ನಾನ ಆಗಿರುವುದೇ ಇಲ್ಲ. ಅನುಮಾನ ಇದ್ದರೆ ಎರಡೂ ರೀತಿಯ ಪತ್ರ ತರಿಸಿಬಿಡುವುದು ಜಾಣತನ.

ಕೇರಳದಿಂದ ಇಲ್ಲಿಗೆ ಕೆಲಸಕ್ಕೆ ಬಂದ ಸಿರೋ ಮಲಬಾರ್ ಹುಡುಗಿಯಾದರೆ ಇದ್ಯಾವುದೂ ಬೇಡ. ಅವರು ಕಥೋಲಿಕರೇ.

ಷರತ್ತು ಅಂದಿರಲ್ಲ, ಏನು ಅವು?

ಕಥೋಲಿಕ ವ್ಯಕ್ತಿ ಎರಡು ಮಾತು ಕೊಡಬೇಕು. ಒಂದು, ತನ್ನ ವಿಶ್ವಾಸ ಬಿಡುವುದಿಲ್ಲ, ಅದಕ್ಕೆ ಅಪಾಯ ತರುವಂಥದ್ದನ್ನು ದೂರ ಇಡುತ್ತೇನೆ ಎಂದು. ಇನ್ನೊಂದು, ಹುಟ್ಟುವ ಮಕ್ಕಳಿಗೆಲ್ಲ ಕಥೋಲಿಕ ದೀಕ್ಷಾಸ್ನಾನ ಕೊಡಿಸಿ ಅದೇ ವಿಶ್ವಾಸದಲ್ಲಿ ಬೆಳೆಸಲು ತನ್ನ ಕೈಲಾದದ್ದನ್ನೆಲ್ಲ ಮಾಡುತ್ತೇನೆ ಎಂದು. ಈ ಮಾತು ಕೊಟ್ಟದ್ದು ಸಂಗಾತಿಗೆ ಗೊತ್ತಿರಬೇಕು. ಮದುವೆಯ ಉದ್ದೇಶ ಮತ್ತು ಸ್ವರೂಪವನ್ನು ಇಬ್ಬರಿಗೂ ತಿಳಿಸಿರಬೇಕು: ಒಬ್ಬನಿಗೆ ಒಬ್ಬಳೇ, ಸಾಯುವವರೆಗೆ, ಮಕ್ಕಳಿಗೆ ಬಾಗಿಲು ತೆರೆದಿಟ್ಟು.

ಗಮನಿಸಿ, ಮಾತು ಕೊಡುವುದು ಕಥೋಲಿಕರು ಮಾತ್ರ. ಹಿಂದೂ ಅಥವಾ ಮುಸ್ಲಿಂ ಸಂಗಾತಿ ಯಾವ ಪ್ರತಿಜ್ಞೆಯನ್ನೂ ಮಾಡಬೇಕಿಲ್ಲ. ಅವರಿಗೆ ವಿಷಯ ಗೊತ್ತಿದ್ದರೆ ಸಾಕು. ಹಿರಿಯರು ಕೆಲವರು ‘ನಮ್ಮ ಕಾಲದಲ್ಲಿ ಇಬ್ಬರ ಕೈಲೂ ಬರೆಸಿಕೊಳ್ಳುತ್ತಿದ್ದರು’ ಅನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. 1917ರ ಸಂಹಿತೆಯಲ್ಲಿ ಹಾಗೇ ಇತ್ತು. 1970ರಲ್ಲಿ ಆರನೇ ಪೌಲ್ ಜಗದ್ಗುರುಗಳು (ಪೋಪ್) ಅದನ್ನು ಬದಲಿಸಿದರು. 1983ರ ಈಗಿನ ಸಂಹಿತೆಯಲ್ಲೂ ಭಾರ ಕಥೋಲಿಕರ ಮೇಲೆಯೇ ಇದೆ. ಬೀಗರ ಮನೆಗೆ ಹೋಗಿ ‘ನಿಮ್ಮ ಮಗನೂ ಬರೆದುಕೊಡಬೇಕು’ ಎಂದು ಕೂಗಾಡುವ ಅಪ್ಪಂದಿರಿಗೆ ಇದನ್ನು ಹೇಳಿ.

ಹಾಗಾದರೆ ಮಕ್ಕಳ ವಿಷಯದಲ್ಲಿ ಅತ್ತೆ ಮನೆಯವರು ಒಪ್ಪದಿದ್ದರೆ?

ಮಾತು ಕೊಟ್ಟಿರುವುದು ‘ಕೈಲಾದದ್ದನ್ನು ಮಾಡುತ್ತೇನೆ’ ಎಂದು. ‘ಆಗಿಯೇ ತೀರುತ್ತದೆ’ ಎಂದಲ್ಲ. ಮಕ್ಕಳು ಇಬ್ಬರದ್ದೂ. ಪ್ರಾಮಾಣಿಕವಾಗಿ ಪ್ರಯತ್ನಿಸಿಯೂ ಆಗದೇ ಹೋದರೆ ಮಾತು ಮುರಿದ ಹಾಗಲ್ಲ. ಪ್ರಯತ್ನವನ್ನೇ ಮಾಡದೆ, ಮನಸ್ಸಿನಲ್ಲಿ ಬೇರೆ ಇಟ್ಟುಕೊಂಡು ಸಹಿ ಹಾಕುವುದು ಬೇರೆ ವಿಷಯ.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಜಾಸ್ತಿ ಹೊಗೆ ಆಡುವುದು ಈ ಪ್ರಶ್ನೆ. ಮದುವೆಗೆ ಮುಂಚೆ ಇಬ್ಬರೂ ‘ಆಮೇಲೆ ನೋಡೋಣ’ ಅನ್ನುತ್ತಾರೆ. ಆಮೇಲೆ ತೊಟ್ಟಿಲ ಕಾರ್ಯಕ್ರಮದ ದಿನ ಹೆಸರಿನಿಂದಲೇ ಜಗಳ ಶುರು. ಅಜ್ಜಿಗೆ ಒಂದು ಹೆಸರು, ಅತ್ತೆಗೆ ಇನ್ನೊಂದು. ದೀಕ್ಷಾಸ್ನಾನ, ಶಾಲೆ ದಾಖಲೆಯ ಧರ್ಮದ ಕಾಲಂ, ಭಾನುವಾರ ಯಾರ ಜೊತೆ ಹೋಗಬೇಕು, ಇವನ್ನೆಲ್ಲ ಮದುವೆಗೆ ಮುಂಚೆಯೇ ಬಿಡಿಸಿ ಮಾತಾಡಿ. ಆಗ ಮಾತಾಡಲು ಧೈರ್ಯ ಸಾಲದಿದ್ದರೆ ಮದುವೆ ಆರು ತಿಂಗಳು ಮುಂದೆ ಹೋದರೂ ನಷ್ಟವಿಲ್ಲ.

ಸಂಗಾತಿ ಮತಾಂತರ ಆಗಲೇಬೇಕಾ?

ಬೇಡ. ವಿನಾಯಿತಿ ಇರುವುದೇ ಮತಾಂತರ ಆಗದವರಿಗಾಗಿ. ಮದುವೆಗೋಸ್ಕರ ಅವಸರದಲ್ಲಿ ದೀಕ್ಷಾಸ್ನಾನ ಕೇಳಿದರೆ ತಿಳಿದ ಫಾದರ್ ತಡೆಯುತ್ತಾರೆ. ವಯಸ್ಕರಿಗೆ ಅದಕ್ಕೆ ತಯಾರಿಯ ಕಾಲ ಇದೆ, ತಿಂಗಳುಗಟ್ಟಲೆ ಪಾಠ ಇದೆ.

ನಮ್ಮ ರಾಜ್ಯದಲ್ಲಿ ಕಾನೂನಿನ ಮಗ್ಗುಲೂ ಉಂಟು. 2022ರ ಕರ್ನಾಟಕದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಮದುವೆಯ ಆಮಿಷದ ಮತಾಂತರವನ್ನು ಅಪರಾಧ ಮಾಡಿತು. ಮತಾಂತರಕ್ಕೇ ಅಂತ ಮಾಡಿದ ಮದುವೆಯನ್ನು ಅಸಿಂಧು ಮಾಡಲು ದಾರಿ ಇಟ್ಟಿತು. ಮತಾಂತರಕ್ಕೆ 30 ದಿನ ಮುಂಚೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದೂ ಹೇಳಿತು. 2023ರ ಜೂನ್‌ನಲ್ಲಿ ರಾಜ್ಯ ಸಂಪುಟ ಇದನ್ನು ಹಿಂತೆಗೆಯುವ ತೀರ್ಮಾನ ಮಾಡಿತು. ಸಂಗಾತಿಗೆ ನಿಜವಾಗಿಯೂ ದೀಕ್ಷಾಸ್ನಾನದ ಮನಸ್ಸಿದ್ದರೆ, ಮೊದಲು ವಕೀಲರೊಬ್ಬರನ್ನು ಕೇಳಿಯೇ ಮುಂದೆ ಹೆಜ್ಜೆ ಇಡಿ. ಮದುವೆಗೂ ದೀಕ್ಷಾಸ್ನಾನಕ್ಕೂ ಗಂಟು ಹಾಕದಿರುವುದೇ ಒಳ್ಳೆಯದು.

ಅರಿಶಿಣ, ಸುರಗಿ, ತಾಳಿ, ಅಕ್ಕಿಕಾಳು? ಇವೆಲ್ಲ ಬಿಡಬೇಕಾ?

ಬಿಡಬೇಕಿಲ್ಲ. ತಾಳಿ ನಮ್ಮ ಕಥೋಲಿಕ ಮದುವೆಗಳಲ್ಲೂ ಇದೆ. ಫಾದರ್ ಆಶೀರ್ವದಿಸಿ ಕೊಡುತ್ತಾರೆ, ವರ ಕಟ್ಟುತ್ತಾನೆ. ಅರಿಶಿಣ ಹಚ್ಚುವುದು, ನೀರು ಹಾಕುವುದು, ಬಳೆ ಇಡಿಸುವುದು ಮನೆಯ ಪದ್ಧತಿಗಳು. ಬೀಗರ ಮನೆಯಲ್ಲಿ ಹೋಳಿಗೆ ಊಟ ಮಾಡಲು ಯಾರ ಅಪ್ಪಣೆಯೂ ಬೇಡ.

ಆದರೆ ಒಂದು ಗೆರೆ ಇದೆ. ಚರ್ಚ್‌ನಲ್ಲಿ ಮದುವೆಯ ಒಪ್ಪಿಗೆ ಕೊಟ್ಟ ಮೇಲೆ, ಅಥವಾ ಅದಕ್ಕಿಂತ ಮುಂಚೆ, ಅದೇ ಮದುವೆಯ ಒಪ್ಪಿಗೆ ಕೊಡುವ ಇನ್ನೊಂದು ಧಾರ್ಮಿಕ ವಿಧಿ ಮಾಡುವ ಹಾಗಿಲ್ಲ. ಬೆಳಿಗ್ಗೆ ಚರ್ಚ್, ಮಧ್ಯಾಹ್ನ ಫಂಕ್ಷನ್ ಹಾಲ್‌ನಲ್ಲಿ ಪುರೋಹಿತರನ್ನೋ ಜಂಗಮರನ್ನೋ ಕೂರಿಸಿ ಮತ್ತೊಮ್ಮೆ ಮದುವೆ, ಇದನ್ನು 1127ನೇ ನಿಯಮ ಒಪ್ಪುವುದಿಲ್ಲ. ಬೀಗರು ಬಿಡುವುದಿಲ್ಲ ಅಂತ ಗೊತ್ತಿದ್ದರೆ ಅದನ್ನು ಫಾದರ್‌ಗೆ ಮುಚ್ಚಿಡಬೇಡಿ. ಯಾವುದು ಮನೆಯ ಪದ್ಧತಿ, ಯಾವುದು ಮದುವೆಯ ವಿಧಿ ಅಂತ ಕೂತು ಬೇರ್ಪಡಿಸಬಹುದು. ಹಿರಿಯರು ನಿಂತು ಅಕ್ಷತೆ ಹಾಕಿ ಹರಸಿದರೆ ಅದು ಎರಡನೇ ಮದುವೆ ಆಗುವುದಿಲ್ಲ, ಅಲ್ವಾ?

ಲಿಂಗಾಯತ ಮನೆಯ ಸೊಸೆ ಅಥವಾ ಅಳಿಯ ಇಷ್ಟಲಿಂಗ ಧರಿಸಿಕೊಂಡೇ ಇರಬಹುದು. ಅದನ್ನು ತೆಗೆಯಿರಿ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಕಥೋಲಿಕ ವ್ಯಕ್ತಿ ಲಿಂಗದೀಕ್ಷೆ ಪಡೆದರೆ ಮಾತ್ರ, ವಿಶ್ವಾಸ ಬಿಡುವುದಿಲ್ಲ ಎಂದು ಕೊಟ್ಟ ಮಾತು ಮುರಿಯುತ್ತದೆ.

ಹುಡುಗ ಮುಸ್ಲಿಂ. ನಿಕಾಹ್ ಮಾಡಿ ಆಮೇಲೆ ಚರ್ಚ್‌ಗೆ ಬಂದರೆ?

ಮೇಲೆ ಹೇಳಿದ ಗೆರೆ ಇಲ್ಲೂ ಇದೆ. ನಿಕಾಹ್‌ನಲ್ಲಿ ಒಪ್ಪಿಗೆ ಕೇಳುತ್ತಾರೆ, ಚರ್ಚ್‌ನಲ್ಲೂ ಒಪ್ಪಿಗೆ ಕೇಳುತ್ತಾರೆ. ಎರಡೂ ಆಗದು. ಒಂದನ್ನು ಆರಿಸಬೇಕು. ಚರ್ಚ್ ಬಿಟ್ಟು ಬೇರೆ ಕಡೆಯಾದರೆ ಧರ್ಮಾಧ್ಯಕ್ಷರಿಂದ ಕ್ರಮದ ವಿನಾಯಿತಿಯೂ ಬೇಕು.

ಇಸ್ಲಾಮಿನ ಸಂಪ್ರದಾಯದಲ್ಲಿ ಮುಸ್ಲಿಂ ಗಂಡು ಕ್ರೈಸ್ತ ಹೆಣ್ಣನ್ನು ಮದುವೆಯಾಗಬಹುದು. ಮುಸ್ಲಿಂ ಹೆಣ್ಣಿಗೆ ಕ್ರೈಸ್ತ ಗಂಡು ಮಾತ್ರ ಆಗದು. ಹಾಗಾಗಿ ನಮ್ಮ ಹುಡುಗ, ಅವರ ಹುಡುಗಿ ಆದಾಗ ಆ ಮನೆಯ ಕಷ್ಟ ದೊಡ್ಡದು. ಅದನ್ನು ಅರ್ಥ ಮಾಡಿಕೊಳ್ಳಿ. ಮುಸ್ಲಿಂ ಹುಡುಗನಿಗೆ ಮೊದಲೇ ಒಬ್ಬ ಹೆಂಡತಿ ಇದ್ದರೆ ಧರ್ಮಸಭೆ ಯಾವ ವಿನಾಯಿತಿಯನ್ನೂ ಕೊಡುವುದಿಲ್ಲ. ಮುಂದೆ ಎರಡನೆಯವಳನ್ನು ತರಬಹುದು ಎಂಬ ಯೋಚನೆ ಇಟ್ಟುಕೊಂಡು ಒಪ್ಪಿಗೆ ಕೊಟ್ಟರೆ ಆ ಒಪ್ಪಿಗೆಯೇ ಪೊಳ್ಳು. ಫಾದರ್ ಈ ಪ್ರಶ್ನೆಯನ್ನು ನೇರವಾಗಿ ಕೇಳುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ.

ಮದುವೆ ಬಲಿಪೂಜೆಯಲ್ಲೇ (ಮಾಸ್) ಆಗುತ್ತದಾ?

ಸಂಗಾತಿ ದೀಕ್ಷಾಸ್ನಾನ ಪಡೆಯದವರಾದರೆ ಬಲಿಪೂಜೆ ಇರುವುದಿಲ್ಲ. ಬೈಬಲ್ ಪಾಠ, ಪ್ರಬೋಧನೆ, ಒಪ್ಪಿಗೆ, ಉಂಗುರ ಅಥವಾ ತಾಳಿ, ಪ್ರಾರ್ಥನೆ, ಆಶೀರ್ವಾದ ಇರುತ್ತವೆ. ಕಾರಣ ಇಷ್ಟೇ: ಬಂದವರಲ್ಲಿ ಅರ್ಧ ಜನರಿಗೆ, ಮದುಮಗನಿಗೇ ಕೆಲವೊಮ್ಮೆ, ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಇಲ್ಲದ ಪೂಜೆ ಅದು. ಇದರಿಂದ ಮದುವೆಗೆ ಕಡಿಮೆಯೇನೂ ಆಗುವುದಿಲ್ಲ. ಮೆಥಡಿಸ್ಟ್ ಸಂಗಾತಿ ಇದ್ದಾಗಲೂ ಸಾಮಾನ್ಯವಾಗಿ ಹೀಗೇ. ಧರ್ಮಾಧ್ಯಕ್ಷರು ಒಪ್ಪಿದರೆ ಬಲಿಪೂಜೆಯೊಳಗೆ ಆಗಬಹುದು. ದೀಕ್ಷಾಸ್ನಾನ ಪಡೆಯದವರ ಜೊತೆಗಿನ ಮದುವೆಯನ್ನು ಚರ್ಚ್ ಬಿಟ್ಟು ಬೇರೆ ತಕ್ಕ ಜಾಗದಲ್ಲಿ ಮಾಡಲೂ ನಿಯಮದಲ್ಲಿ ಅವಕಾಶ ಇದೆ.

ನಾವು ಈಗಾಗಲೇ ಗುಡಿಯಲ್ಲಿ ತಾಳಿ ಕಟ್ಟಿಕೊಂಡಿದ್ದೇವೆ. ಈಗ?

ಈ ಪ್ರಶ್ನೆಗೆ ಎರಡು ಮುಖ. ಮೊದಲು ದೇಶದ ಕಾನೂನು. 1955ರ ಹಿಂದೂ ವಿವಾಹ ಕಾಯ್ದೆ ಇಬ್ಬರೂ ಹಿಂದೂಗಳಾದರೆ ಮಾತ್ರ. ರೋಮನ್ ಕಥೋಲಿಕ ಹುಡುಗನೊಬ್ಬ ಹಿಂದೂ ಹುಡುಗಿಯನ್ನು ಗುಡಿಯಲ್ಲಿ ತಾಳಿ ಕಟ್ಟಿ ಮದುವೆಯಾದ ಪ್ರಕರಣ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. 2008ರ ಡಿಸೆಂಬರ್‌ನಲ್ಲಿ ಕೋರ್ಟ್ ಆ ಮದುವೆ ಹಿಂದೂ ವಿವಾಹ ಕಾಯ್ದೆಯಡಿ ಸಿಂಧುವಲ್ಲ ಎಂದಿತು. ಆಸ್ತಿ, ಪಿಂಚಣಿ, ಜೀವನಾಂಶ ಎಲ್ಲಕ್ಕೂ ಇದರಿಂದ ಪೆಟ್ಟು. ಹೀಗೆ ಮದುವೆಯಾಗಿ ಆರಾಮಾಗಿ ಕೂತವರು ಮೊದಲು ವಿಶೇಷ ವಿವಾಹ ಕಾಯ್ದೆಯಡಿ ದಾರಿ ನೋಡಿಕೊಳ್ಳಿ.

ಇನ್ನು ಧರ್ಮಸಭೆ. ಗುಡಿಯಲ್ಲೋ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲೋ ಪತ್ರವಿಲ್ಲದೆ ಆದ ಮದುವೆಯನ್ನು ಅದು ಸಿಂಧು ಎಂದು ಒಪ್ಪುವುದಿಲ್ಲ. ಆ ಸ್ಥಿತಿಯಲ್ಲಿರುವ ಕಥೋಲಿಕರು ಪರಮಪ್ರಸಾದ ಸ್ವೀಕರಿಸುವಂತಿಲ್ಲ. ಆದರೆ ಅವರನ್ನು ಧರ್ಮಸಭೆಯಿಂದ ಹೊರಗೆ ಹಾಕಿಲ್ಲ. ಬಲಿಪೂಜೆಗೆ ಬರಬಹುದು, ಬರಬೇಕು. ಊರಿನವರು ‘ನೀನು ಬರಬೇಡ’ ಅಂದರೆ ಅದು ಊರಿನವರ ಮಾತು, ನಿಯಮದ್ದಲ್ಲ.

ಸರಿಪಡಿಸಲು ಎರಡು ದಾರಿ. ಸಂಗಾತಿ ಬರಲು ಒಪ್ಪಿದರೆ ವಿನಾಯಿತಿ ತಂದು, ಫಾದರ್ ಮತ್ತು ಇಬ್ಬರು ಸಾಕ್ಷಿಗಳ ಮುಂದೆ ಹೊಸದಾಗಿ ಒಪ್ಪಿಗೆ ಕೊಟ್ಟರೆ ಆಯಿತು. ಹಾಲ್ ಬೇಡ, ಊಟ ಬೇಡ. ಸಂಗಾತಿ ‘ನಾನು ಮದುವೆಯಾಗಿ ಹತ್ತು ವರ್ಷ ಆಯಿತು, ಮತ್ತೆ ಏನು ಮದುವೆ?’ ಎಂದು ಹಟ ಹಿಡಿದರೆ, ಧರ್ಮಾಧ್ಯಕ್ಷರು ಹಳೆಯ ಒಪ್ಪಿಗೆಯನ್ನೇ ಬುಡದಿಂದ ಊರ್ಜಿತ ಮಾಡಬಹುದು. ಇಬ್ಬರ ಮನಸ್ಸೂ ಇನ್ನೂ ಆ ಮದುವೆಯಲ್ಲಿ ಇರಬೇಕು, ಕಥೋಲಿಕ ವ್ಯಕ್ತಿ ಮೇಲೆ ಹೇಳಿದ ಎರಡು ಮಾತನ್ನೂ ಕೊಡಬೇಕು. ಚರ್ಚ್‌ನಲ್ಲಿ ಸಮಾರಂಭವೇ ಇರುವುದಿಲ್ಲ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಗೊತ್ತಿಲ್ಲದೆ ವರ್ಷಗಟ್ಟಲೆ ಹಿಂದಿನ ಬೆಂಚಿನಲ್ಲಿ ಕೂತು, ಪರಮಪ್ರಸಾದದ ಹೊತ್ತಿಗೆ ತಲೆ ತಗ್ಗಿಸುವ ಅಕ್ಕಂದಿರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹುಡುಗನಿಗೆ ಕೋರ್ಟ್‌ನಿಂದ ವಿಚ್ಛೇದನ ಸಿಕ್ಕಿದೆ. ಸಾಕಲ್ವಾ?

ಸಾಲದು. ಇಬ್ಬರು ಹಿಂದೂಗಳ ಮದುವೆಯನ್ನೂ ಧರ್ಮಸಭೆ ಸಿಂಧು ಎಂದೇ ಹಿಡಿಯುತ್ತದೆ. ಕೋರ್ಟ್ ವಿಚ್ಛೇದನವಾಗಲಿ ತಲಾಖ್ ಆಗಲಿ ಆ ಗಂಟನ್ನು ಬಿಡಿಸಿದಂತೆ ಅದು ನೋಡುವುದಿಲ್ಲ. ಧರ್ಮಪ್ರಾಂತ್ಯದ ನ್ಯಾಯಪೀಠ ಹಳೆಯ ಮದುವೆಯನ್ನು ಪರಿಶೀಲಿಸಬೇಕು. ಹುಡುಗ ತಾನಾಗಿ ದೀಕ್ಷಾಸ್ನಾನ ಬಯಸಿದರೆ, ಹಳೆಯ ಗಂಟನ್ನು ಬಿಡಿಸಬಲ್ಲ, ಸಂತ ಪೌಲರ ಹೆಸರಿನ ಒಂದು ಸವಲತ್ತು ಇದೆ. ಕೆಲವು ಪ್ರಕರಣ ರೋಮ್‌ವರೆಗೂ ಹೋಗುತ್ತವೆ. ಇದಕ್ಕೆಲ್ಲ ಕಾಲ ಹಿಡಿಯುತ್ತದೆ. ಹಾಲ್‌ಗೆ ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಹೇಳಿಬಿಡಿ.

ಸೋದರಮಾವ, ಅಕ್ಕನ ಮಗಳು?

ನಮ್ಮ ಕಡೆ ಇದು ಮಾಮೂಲು. ಒಂದೇ ವಂಶದಲ್ಲಿ ಕೆಲವರು ಕಥೋಲಿಕರು, ಕೆಲವರು ಹಿಂದೂಗಳು ಇರುವ ಮನೆಗಳಲ್ಲಿ ಈ ಪ್ರಶ್ನೆ ಬರುತ್ತದೆ. ಧರ್ಮಸಭೆಯ ನಿಯಮದಲ್ಲಿ ರಕ್ತ ಸಂಬಂಧ ನಾಲ್ಕನೇ ಹಂತದವರೆಗೆ ಅಡ್ಡಿ. ಸೋದರಮಾವ ಮತ್ತು ಅಕ್ಕನ ಮಗಳು ಮೂರನೆಯದು, ಸೋದರಮಾವನ ಮಗಳು ಅಥವಾ ಸೋದರತ್ತೆಯ ಮಗ ನಾಲ್ಕನೆಯದು. ಇವಕ್ಕೂ ವಿನಾಯಿತಿ ಸಾಧ್ಯ, ಆದರೆ ಸೋದರಮಾವ ಮತ್ತು ಅಕ್ಕನ ಮಗಳಿಗೆ ಸುಲಭಕ್ಕೆ ಕೊಡುವುದಿಲ್ಲ. ಧರ್ಮಭೇದವೂ ಸೇರಿದರೆ ಎರಡು ವಿನಾಯಿತಿ ಕೇಳಬೇಕು.

ಸರ್ಕಾರದ ಕಾನೂನಿನಲ್ಲಿ ಚರ್ಚ್ ಮದುವೆ ನಡೆಯುತ್ತದಾ? ಯಾವ ಕಾಯ್ದೆ?

ನಡೆಯುತ್ತದೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಇಬ್ಬರಲ್ಲಿ ಒಬ್ಬರು ಕ್ರೈಸ್ತರಾದರೂ ಅನ್ವಯಿಸುತ್ತದೆ. ಹಾಗಾಗಿ ವಿನಾಯಿತಿ ಪಡೆದು ಚರ್ಚ್‌ನಲ್ಲಿ ಆದ ಮದುವೆಗೆ ಸರ್ಕಾರದ ಕಣ್ಣಲ್ಲೂ ಬೆಲೆ ಇದೆ. ವಯಸ್ಸು ಹುಡುಗನಿಗೆ 21, ಹುಡುಗಿಗೆ 18.

ಇನ್ನೊಂದು 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದು ನೋಟಿಸ್ ಕೊಡಬೇಕು. ಅದನ್ನು ಆಫೀಸಿನಲ್ಲಿ ಹಚ್ಚುತ್ತಾರೆ. 30 ದಿನ ಕಾಯಬೇಕು. ಆಕ್ಷೇಪ ಇಲ್ಲದಿದ್ದರೆ, ನೋಟಿಸ್ ಕೊಟ್ಟು 3 ತಿಂಗಳೊಳಗೆ 3 ಸಾಕ್ಷಿಗಳ ಮುಂದೆ ಮದುವೆ. ನೋಟಿಸ್ ಬೋರ್ಡ್ ನೋಡಿ ಮನೆಗೆ ಸುದ್ದಿ ಮುಟ್ಟಿಸುವವರು ಎಲ್ಲ ಊರಲ್ಲೂ ಇದ್ದಾರೆ, ಅದಕ್ಕೂ ತಯಾರಿರಿ. ಈ ಕಾಯ್ದೆಯಡಿ ಬೇರೆ ಧರ್ಮದವರನ್ನು ಮದುವೆಯಾದ ಹಿಂದೂ ವ್ಯಕ್ತಿ ಅವಿಭಕ್ತ ಕುಟುಂಬದಿಂದ ಬೇರೆಯಾದಂತೆ. ಹೊಲ ಇರುವ ಮನೆಯವರು ಇದನ್ನು ಮೊದಲೇ ತಿಳಿದುಕೊಳ್ಳಿ.

ಜಾತಿ ಪ್ರಮಾಣಪತ್ರ ಹೋಗುತ್ತದಾ ಎಂದೂ ಕೇಳುತ್ತಾರೆ. ಮದುವೆಯಿಂದ ಹೋಗುವುದಿಲ್ಲ. ಪರಿಶಿಷ್ಟ ಜಾತಿಯವರು ಕ್ರೈಸ್ತರಾಗಿ ಮತಾಂತರವಾದರೆ 1950ರ ಆದೇಶದ ಪ್ರಕಾರ ಆ ಸ್ಥಾನ ಉಳಿಯುವುದಿಲ್ಲ. ಕರ್ನಾಟಕದಲ್ಲಿ ಅವರು ಹಿಂದುಳಿದ ವರ್ಗಗಳ ಪ್ರವರ್ಗ 1ಕ್ಕೆ ಬರುತ್ತಾರೆ. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371ಜೆ ಪ್ರಮಾಣಪತ್ರಕ್ಕೂ ಧರ್ಮಕ್ಕೂ ಸಂಬಂಧವಿಲ್ಲ.

ಏನೇನು ಕಾಗದ, ಎಷ್ಟು ಮುಂಚೆ?

ಕನಿಷ್ಠ ಮೂರು ತಿಂಗಳು ಮುಂಚೆ ಹೋಗಿ, ಆರು ಇದ್ದರೆ ಇನ್ನೂ ಒಳ್ಳೆಯದು. ಕಥೋಲಿಕರ ದೀಕ್ಷಾಸ್ನಾನದ ಪತ್ರ ಹೊಸದಾಗಿ ತೆಗೆಸಿದ್ದೇ ಬೇಕು. ಟ್ರಂಕಿನಲ್ಲಿಟ್ಟ ಹಳೆಯದು ನಡೆಯುವುದಿಲ್ಲ. ಮದುವೆಯಾದರೆ ದೀಕ್ಷಾಸ್ನಾನದ ಪುಸ್ತಕದ ಅಂಚಿನಲ್ಲೇ ಬರೆಯುತ್ತಾರೆ, ಹಾಗಾಗಿ ಹೊಸ ಪ್ರತಿ ನೋಡಿದರೆ ಹಿಂದೆ ಮದುವೆ ಆಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಸಂಗಾತಿಯ ಕಡೆಯಿಂದ ಆಧಾರ್, ವಯಸ್ಸಿಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಬೇರೆ ಮದುವೆ ಆಗಿಲ್ಲ ಎಂದು ಗೊತ್ತಿರುವವರ ಹೇಳಿಕೆ. ವಿವಾಹ ತಯಾರಿ ಶಿಬಿರಕ್ಕೆ ಇಬ್ಬರೂ ಹೋಗಬೇಕು. ಬೆಂಗಳೂರು, ಹೈದರಾಬಾದ್, ಪುಣೆಯಲ್ಲಿ ಕೆಲಸ ಮಾಡುವವರು ಅಲ್ಲಿಯ ಧರ್ಮಕೇಂದ್ರದಲ್ಲೇ ಕಾಗದ ಶುರು ಮಾಡಬಹುದು. ಒಂದು ತಿಂಗಳು ಅಲ್ಲಿದ್ದರೂ ಸಾಕು.

ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಗಂಡ ತಾನಾಗಿ ದೀಕ್ಷಾಸ್ನಾನ ಪಡೆದರೆ ಮತ್ತೆ ಮದುವೆ ಮಾಡಬೇಕಾ?

ಬೇಡ. ವಿನಾಯಿತಿಯಿಂದ ಆದ ಮದುವೆ ಮೊದಲಿನಿಂದಲೂ ಸಿಂಧು. ಇಬ್ಬರೂ ದೀಕ್ಷಾಸ್ನಾನ ಪಡೆದ ಗಳಿಗೆಯಿಂದ ಅದೇ ಮದುವೆ ಸಂಸ್ಕಾರವಾಗುತ್ತದೆ. ಹೊಸ ಒಪ್ಪಿಗೆ ಬೇಡ, ಹೊಸ ತಾಳಿಯೂ ಬೇಡ. ಮನೆಯವರು ಖುಷಿಗೆ ಊಟ ಹಾಕಿಸಿದರೆ ಅದು ಅವರಿಗೆ ಬಿಟ್ಟದ್ದು.